ಚಕ್ಕುಬಂದಿಯಲ್ಲಿ ಬಿಟ್ಟ ಮನೆ

ನೆದರ್‌ಲ್ಯಾಂಡ್ಸ್‌ಗೆ ಹೋಗುವ ಮುಂಚೆ ನಾನು ಮೈಸೂರಿನ ಸಿವಿಲ್ ಕೋರ್ಟಿನಲ್ಲಿ ನಾಲ್ಕು ವರ್ಷ ಜೂನಿಯರ್ ವಕೀಲೆಯಾಗಿದ್ದೆ. ದೊಡ್ಡ ಕೇಸು ಯಾವುದನ್ನೂ ವಾದಿಸಿದವಳಲ್ಲ. ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಕೋರ್ಟ್ ಕಮಿಷನರ್ ಕೆಲಸ. ಗೋಡೆ ಜಗಳ, ಓಣಿ ಜಗಳ, ಚರಂಡಿ ಜಗಳಗಳಲ್ಲಿ ನ್ಯಾಯಾಧೀಶರು ತಾವು ಸ್ಥಳಕ್ಕೆ ಹೋಗುವ ಬದಲು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸುತ್ತಾರೆ. ಹೋದವರು ಟೇಪು ಹಿಡಿದು ಅಳೆದು, ನಕ್ಷೆ ಬರೆದು, ವರದಿ ಕೊಡಬೇಕು. ಎರಡೂ ಕಡೆಯವರು ಎಳನೀರು ತಂದು ಮುಂದೆ ಹಿಡಿಯುತ್ತಾರೆ, ಯಾರದ್ದನ್ನೂ ಕುಡಿಯಬಾರದು.

ನನ್ನ ಸೀನಿಯರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. "ನಕ್ಷೆ ಯಾರ ಪರಾನೂ ಇರ್ಬಾರ್ದಮ್ಮ. ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರಿ. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಮನೆ, ಎಲ್ಲಾ. ಜನ ಓಡಾಡೋ ದಾರಿ ಅಂತ ಕಂಡ್ರೆ ಬೇಲಿ ಸಂದೀಲಿದ್ರೂ ಬಿಡ್ಬೇಡ. ಆಮೇಲೆ ಬಾಯಿ ಮುಚ್ಕೊಂಡು ಬಂದ್ಬಿಡು." ನನಗೆ ಕೊನೆಯ ಮಾತು ಪಾಲಿಸುವುದು ಕಷ್ಟವಾಗುತ್ತಿತ್ತು. ಉಳಿದದ್ದು ಕೈಗೆ ಅಂಟಿಕೊಂಡುಬಿಟ್ಟಿತು.

ಯಜಮಾನರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಜೂಟರ್‌ಮೀರ್‌ನ ಒಂದು ಆಫೀಸಿನಲ್ಲಿ ಕೆಲಸ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಲೋಕವೆಲ್ಲ ಗಾಬರಿಯಾಗಿದ್ದ ಕಾಲ ಅದು. ಆ ಗಾಬರಿಯಿಂದಲೇ ನಮ್ಮ ಮನೆ ನಡೆಯುತ್ತಿತ್ತು. ಹೆಂಡತಿಯಾಗಿ ಬಂದ ನನ್ನ ಪರ್ಮಿಟ್ಟಿನಲ್ಲಿ ಕೆಲಸಕ್ಕೆ ಅನುಮತಿ ಇರಲಿಲ್ಲ. ಎರಡು ವರ್ಷ ಡಚ್ ಕ್ಲಾಸಿಗೆ ಹೋದೆ, ಮೂವತ್ತು ದಾಟಿದ ಮೇಲೆ ಸೈಕಲ್ ಕಲಿತೆ, ಪಕ್ಕದವರ ಮನೆಗಳನ್ನು ಕುತೂಹಲದಿಂದ ನೋಡಿದೆ. ಆ ಊರಿನಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ನನ್ನಂಥವಳಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ನಮ್ಮದು ಮೂರು ಅಂತಸ್ತಿನ ಸಣ್ಣ ಕಟ್ಟಡ. ನೆಲ ಅಂತಸ್ತಿನಲ್ಲಿ ಎರಡೇ ಮನೆ: ಒಂದರಲ್ಲಿ ನಾವು, ಇನ್ನೊಂದರಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ನನ್ನ ಆರು ವರ್ಷದ ಮಗಳು ಅವರನ್ನು ಡಚ್ಚಿನಲ್ಲಿ ಓಮಾ ಎನ್ನುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಮ್ಮ ಹಿಂಬಾಗಿಲಿನಿಂದ ಹೊರಟು ಅವರ ಹಿಂಬಾಗಿಲಿಗೆ ಹೋಗಿ, ಬಿಸ್ಕತ್ತು ತಿಂದು, ಗುಂಡಿಗಳ ಡಬ್ಬಿ ಸುರಿದುಕೊಂಡು ಎಣಿಸುತ್ತ ಕೂರುತ್ತಿದ್ದಳು. ಅವಳ ಡಚ್ ನನ್ನ ಡಚ್‌ಗಿಂತ ಚೆನ್ನಾಗಿದ್ದರೆ ಅದಕ್ಕೆ ಆ ಅಜ್ಜಿಯೇ ಕಾರಣ.

ಆ ವರ್ಷ ವಸಂತದಲ್ಲಿ ಅಜ್ಜಿಯ ಮಗ ಬಂದ. ಐವತ್ತರ ಆಸುಪಾಸಿನವನು, ಬೋಳುತಲೆ, ಬೂದು ಜಾಕೆಟ್ಟು. ಅಜ್ಜಿಗೆ ಸ್ನಾನ ಮಾಡಿಸಲು, ಅಂಗಡಿಗೆ ಹೋಗಿಬರಲು ಜೊತೆಗೊಬ್ಬರು ಬೇಕಾಗಿತ್ತು, ಮಗ ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ. ಒಂದು ವಾರವಾದ ಮೇಲೆ ಮಹಡಿಯ ಮೇಲಿನ ಗೆಳತಿ ಕಾಫಿಗೆ ಕರೆದಳು. ನನಗೆ ಸೈಕಲ್ ಕಲಿಸಿದವಳು ಅವಳೇ. ಇಬ್ಬರು ಮಕ್ಕಳ ತಾಯಿ.

"ಅವನು ಎಲ್ಲಿಂದ ಬಂದಿದಾನೆ ಗೊತ್ತಾ ನಿನಗೆ? ಜೈಲಿಂದ," ಎಂದಳು.

ಬೇರೆ ಊರಿನಲ್ಲಿ, ಪರಿಚಯದವರ ಮನೆಯ ಪುಟ್ಟ ಹುಡುಗಿಯೊಬ್ಬಳ ಮೇಲೆ ದೌರ್ಜನ್ಯ ಎಸಗಿ ಶಿಕ್ಷೆಯಾಗಿತ್ತಂತೆ. ಶಿಕ್ಷೆ ಪೂರ್ತಿ ಮುಗಿಸಿ ಬಂದಿದ್ದ. ನಾನು ಕಾಫಿ ಅಲ್ಲೇ ಬಿಟ್ಟು ಕೆಳಗಿಳಿದು ಬಂದೆ. ಮಗಳು ಅಜ್ಜಿಯ ಮನೆಯಲ್ಲಿದ್ದಳು. ಕೈ ಹಿಡಿದು ಎಳೆದುಕೊಂಡು ಬಂದೆ, ಗುಂಡಿಗಳು ನೆಲದ ಮೇಲೆ ಚೆಲ್ಲಿದವು. ಅಂದಿನಿಂದ ಅವಳನ್ನು ಆ ಮನೆಗೆ ಕಳಿಸಲಿಲ್ಲ. ಅಜ್ಜಿ ಯಾಕೆಂದು ಒಂದು ದಿನವೂ ಕೇಳಲಿಲ್ಲ. ಅವರು ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಗೊತ್ತಿಲ್ಲ.

ಬಡಾವಣೆಯ ತಾಯಂದಿರು, ಕೆಲವು ತಂದೆಯರು ಸೇರಿ ವಕೀಲರೊಬ್ಬರನ್ನು ಹಿಡಿದರು. ವಕೀಲರು ಹೇಳಿದ್ದನ್ನು ಗೆಳತಿ ನನಗೆ ವರದಿ ಮಾಡುತ್ತಿದ್ದಳು. ಅವನನ್ನು ಮನೆಯಿಂದಲೇ ಓಡಿಸಿ ಎಂದು ಕೇಳಿದರೆ ಕೋರ್ಟು ಒಪ್ಪುವುದು ಅನುಮಾನ, ಅದು ಅವನ ತಾಯಿಯ ಮನೆ, ಅವನು ಶಿಕ್ಷೆ ಮುಗಿಸಿದವನು. ಅದಕ್ಕೆ ಬದಲು ಬೀದಿಗಳನ್ನು ಕೇಳೋಣ: ಆಟದ ಮೈದಾನ, ಶಾಲೆಯ ಬೀದಿ, ಮಕ್ಕಳು ನಡೆದು ಹೋಗುವ ಮನೆ ಮುಂದಿನ ರಸ್ತೆ, ಇಷ್ಟಕ್ಕೆ ಅವನು ಕಾಲಿಡಬಾರದು. ಮನೆ ಮುಂದಿನ ರಸ್ತೆಗೇ ಕಾಲಿಡದವನು ಆ ಮನೆಯಲ್ಲಿ ಎಷ್ಟು ದಿನ ಇದ್ದಾನು? ತಾನಾಗಿಯೇ ಹೋಗುತ್ತಾನೆ. ನನಗೆ ಆ ಡಚ್ ವಕೀಲರ ಮೇಲೆ ಗೌರವ ಬಂತು. ಹೊಲದವನನ್ನು ಮುಟ್ಟದೆ ಗಾಡಿದಾರಿಗೆ ಬೇಲಿ ಹಾಕಿ ಹೊಲ ಬಿಡಿಸಿಕೊಂಡವರನ್ನು ನಾನು ನಂಜನಗೂಡಿನ ಕಡೆ ಕಂಡಿದ್ದೆ.

"ಸುತ್ತಮುತ್ತಲಿನ ಒಂದು ಸ್ಕೆಚ್ ಬೇಕಂತೆ. ನೀನು ಲಾಯರ್ ಅಲ್ವಾ, ಬರೆದುಕೊಡ್ತೀಯಾ?" ಎಂದು ಗೆಳತಿ ಕೇಳಿದಳು.

ಎರಡು ವರ್ಷದಿಂದ ನನ್ನನ್ನು ಯಾರೂ ಲಾಯರ್ ಎಂದಿರಲಿಲ್ಲ. ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಅವರ ಅರ್ಜಿಗೆ ಮಾತ್ರ ಸಹಿ ಹಾಕಲಿಲ್ಲ. ನಕ್ಷೆ ಬರೆಯುವವಳು ಪಕ್ಷಗಾರ್ತಿಯಾಗಬಾರದು ಎಂದು ಅವಳಿಗೆ ಗಂಭೀರವಾಗಿ ವಿವರಿಸಿದೆ. ಈಗ ನೆನೆದರೆ ನಗು ಬರುತ್ತದೆ. ನನ್ನನ್ನು ಅಲ್ಲಿ ಕಮಿಷನರ್ ಅಂತ ನೇಮಿಸಿದವರು ಯಾರು?

ಯಜಮಾನರಿಗೆ ಅದೇ ಕೋಪ. "ಊರ ಉಸಾಬರಿ ನಿನಗ್ಯಾಕೆ ಬೇಕೇ? ನಮ್ ಪರ್ಮಿಟ್ ರಿನ್ಯೂವಲ್ ಇದೆ ಮುಂದಿನ್ ತಿಂಗ್ಳು. ಸುಮ್ನೆ ಬೇರೆ ಮನೆ ನೋಡೋಣ."

"ಬರೀ ಸ್ಕೆಚ್ ರೀ. ಯಾರ ಪರಾನೂ ಅಲ್ಲ."

"ಪಕ್ಕದ್ ಮನೇಲಿ ಇದ್ಕೊಂಡು ಯಾರ ಪರಾನೂ ಅಲ್ವಂತೆ," ಎಂದು ಅವರು ಲ್ಯಾಪ್‌ಟಾಪಿಗೆ ಹೇಳಿದರು.

ಅಳೆಯಲು ಟೇಪು ಇರಲಿಲ್ಲ. ಬ್ಲೌಸ್ ಹೊಲಿಯುವ ಟೇಪು ಒಂದೂವರೆ ಮೀಟರು, ಅದರಿಂದ ಮೈದಾನ ಅಳೆಯುವುದು ಹೇಗೆ? ಕೊನೆಗೆ ಒಂದು ಹಳೆಯ ಹಸಿರು ವಾಯಿಲ್ ಸೀರೆ ತೆಗೆದೆ. ಟೇಪು ಹಿಡಿದು ನೋಡಿದೆ, ಸರಿಯಾಗಿ ಐದೂವರೆ ಮೀಟರು. ಮಗಳು ಶಾಲೆಗೆ ಹೋದ ಮೇಲೆ, ಒಂದು ತುದಿಗೆ ಕಲ್ಲು ಹೇರಿ, ಇನ್ನೊಂದು ತುದಿ ಹಿಡಿದು ಹೊರಟೆ. ಜೂಟರ್‌ಮೀರ್‌ನ ಗಾಳಿ ಅದಕ್ಕೆ ಬಿಡಬೇಕಲ್ಲ. ಆಟದ ಮೈದಾನದ ಉದ್ದಕ್ಕೂ ಸೀರೆ ಹಾಸಿ, ಓಡಿಹೋಗಿ ಹಿಡಿದು, ಮತ್ತೆ ಹಾಸಿ ನಾನು ಪಟ್ಟ ಪಾಡನ್ನು ನಾಯಿ ಅಡ್ಡಾಡಿಸುವವರು ನಿಂತು ನೋಡಿದರು. ಒಬ್ಬರೂ ಏನೆಂದು ಕೇಳಲಿಲ್ಲ. ಡಚ್ಚರ ಈ ಗುಣ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮೈಸೂರಿನಲ್ಲಾಗಿದ್ದರೆ ಹತ್ತು ಜನ ಸೀರೆ ಹಿಡಿಯಲು ಬರುತ್ತಿದ್ದರು, ಇನ್ನು ಹತ್ತು ಜನ ಅಳತೆ ತಪ್ಪು ಎನ್ನುತ್ತಿದ್ದರು.

ಪೂರ್ವಕ್ಕೆ ಆಟದ ಮೈದಾನ ಮುಗಿಯಿತು. ದಕ್ಷಿಣಕ್ಕೆ ಮುಂದಿನ ರಸ್ತೆ, ಶಾಲೆಯ ಬೀದಿ ಸೇರುವ ತನಕ ಮುಗಿಯಿತು. ಉಳಿದದ್ದು ಉತ್ತರ, ಅಂದರೆ ಕಟ್ಟಡದ ಹಿಂಭಾಗ. ಅಲ್ಲಿ ಹುಲ್ಲು, ಆಮೇಲೆ ನೀರಿನ ಕಾಲುವೆ. ಮುನಿಸಿಪಾಲಿಟಿಯ ಮ್ಯಾಪಿನಲ್ಲಿ ಅದು ಬರೀ ಹಸಿರು ಜಾಗ. ಆದರೆ ಆ ಹುಲ್ಲಿನ ನಡುವೆ ಒಂದು ಸವೆದ ದಾರಿ ಇತ್ತು. ಅಜ್ಜಿಯ ಹಿಂಬಾಗಿಲಿನಿಂದ ಶುರುವಾಗಿ, ನಮ್ಮ ಅಡುಗೆಮನೆ ಕಿಟಕಿಯ ಕೆಳಗೆ ಹಾದು, ಆಚೆ ರಸ್ತೆಯ ಬಸ್ ಸ್ಟಾಪಿಗೆ ಸೇರುತ್ತಿತ್ತು. ಅದನ್ನು ಮುಖ್ಯವಾಗಿ ಸವೆಸಿದವರೇ ನಾವು: ನಾನು, ನನ್ನ ಮಗಳು. ಜನ ಓಡಾಡುವ ದಾರಿ ಕಂಡ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಅದನ್ನೂ ಅಳೆಯಲು ಸೀರೆ ಹಾಸಿದೆ. ಗಾಳಿಗೆ ಅದು ಹಾರಿ ಅಜ್ಜಿಯ ಬೇಲಿಗೆ ಹೋಗಿ ಸಿಕ್ಕಿಕೊಂಡಿತು.

ಬೇಲಿಯಿಂದ ಅದನ್ನು ಬಿಡಿಸಿದವನು ಅವನು. ಒಳಗೆ ಕುರ್ಚಿಯಲ್ಲಿದ್ದ ಅಜ್ಜಿ, "ಹಿಡಿದುಕೋ, ಅವಳಿಗೆ ಒಂದು ತುದಿ ಹಿಡಿದುಕೋ," ಎಂದು ಕೂಗಿದರು. ಅವನು ಹಿಡಿದುಕೊಂಡ. ಬೇಡ ಎನ್ನಲು ಡಚ್ ನೆನಪಾಗಲಿಲ್ಲ, ಕನ್ನಡವೂ ನೆನಪಾಗಲಿಲ್ಲ. ನಾನು ಸೀರೆಯ ಈ ತುದಿ ಹಿಡಿದು ಮುಂದೆ ಹೋಗುವುದು, ನಿಲ್ಲುವುದು, ಅವನು ನಾನು ನಿಂತಿದ್ದ ಜಾಗದವರೆಗೆ ಬಂದು ನಿಲ್ಲುವುದು. ಹೀಗೆ ಅಳತೆ ನಡೆಯಿತು. ನಮ್ಮಿಬ್ಬರ ನಡುವೆ ಯಾವಾಗಲೂ ಐದೂವರೆ ಮೀಟರ್ ವಾಯಿಲು. ಬಸ್ ಸ್ಟಾಪು ಮುಟ್ಟಿದಾಗ ಅವನು, "ಹನ್ನೊಂದು," ಎಂದ. ನಾನೂ ಅಷ್ಟೇ ಎಣಿಸಿದ್ದೆ.

"ಇದು ಕೋರ್ಟಿಗಾ?" ಎಂದು ಕೇಳಿದ.

ಹೌದು ಎಂದೆ. ಅವನು ಸೀರೆಯ ತುದಿಯನ್ನು ನನ್ನ ಕೈಗೆ ಕೊಡದೆ ಹುಲ್ಲಿನ ಮೇಲಿಟ್ಟು ಹೊರಟುಹೋದ. ನಾನು ಮನೆಗೆ ಬಂದು ಆ ಸೀರೆಯನ್ನು ಎರಡು ಸಲ ಒಗೆದೆ. ಅದು ಸಣ್ಣತನ ಎಂದು ಒಗೆಯುವಾಗಲೇ ಗೊತ್ತಿತ್ತು, ಆದರೂ ಒಗೆದೆ.

ಆ ಮಧ್ಯಾಹ್ನ ನಕ್ಷೆ ಬರೆದೆ. ಪೂರ್ವಕ್ಕೆ ಮೈದಾನ, ದಕ್ಷಿಣಕ್ಕೆ ರಸ್ತೆ, ಉತ್ತರಕ್ಕೆ ಹುಲ್ಲು ಮತ್ತು ಕಾಲುವೆ, ಚುಕ್ಕಿ ಚುಕ್ಕಿಯಾಗಿ ಆ ದಾರಿ, ಅರವತ್ತು ಮೀಟರು ಚಿಲ್ಲರೆ. ಪಶ್ಚಿಮಕ್ಕೆ ಬಂದಾಗ ಪೆನ್ನು ನಿಂತಿತು. ಬರೆದ ಅಷ್ಟೂ ನಕ್ಷೆಗಳಲ್ಲಿ ನನ್ನ ಸ್ವಂತ ಮನೆ ಒಂದು ಸಲವೂ ಬಂದಿರಲಿಲ್ಲ. ಒಂದು ಚೌಕ ಎಳೆದು, ಒಳಗೆ ಏನೂ ಬರೆಯದೆ ಬಿಟ್ಟೆ.

ವಿಚಾರಣೆ ಹೇಗ್ ನಗರದ ಕೋರ್ಟಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಗೆಳತಿ ಮತ್ತು ಇತರರ ಜೊತೆ ರೈಲಿನಲ್ಲಿ ನಾನೂ ಹೋದೆ. ಆ ದೇಶದ ಕೋರ್ಟನ್ನು ನೋಡುವ ಆಸೆ ಬಂದ ದಿನದಿಂದ ಇತ್ತು. ಹತ್ತಕ್ಕೆ ಎಂದರೆ ಹತ್ತಕ್ಕೇ ಶುರುವಾಯಿತು. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನಿಲ್ಲ, ಕಂಕುಳಲ್ಲಿ ಕಡತ ಹಿಡಿದು ವಾಯಿದೆಗೆ ಓಡುವವರಿಲ್ಲ. ಫ್ಯಾನಿನ ಸದ್ದೂ ಇಲ್ಲದ ಕೋರ್ಟಿನಲ್ಲಿ ವಾದ ಮಾಡುವುದು ಹೇಗಪ್ಪಾ ಎಂದು ಯೋಚಿಸಿದೆ. ನ್ಯಾಯಾಧೀಶೆ ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು. ಮಾತಾಡುವವರ ಮುಖವನ್ನೇ ನೋಡುತ್ತ, ತಾವೇ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು.

ಅವನು ಮೊದಲ ಸಾಲಿನಲ್ಲಿ ಅದೇ ಬೂದು ಜಾಕೆಟ್ಟಿನಲ್ಲಿ ಕೂತಿದ್ದ. ಅವನ ವಕೀಲೆ ಎದ್ದು, ಈ ಮೂರು ಜಾಗಗಳನ್ನು ಮುಚ್ಚಿದರೆ ನನ್ನ ಕಕ್ಷಿದಾರ ಹೊಸ್ತಿಲು ದಾಟುವುದು ಎಲ್ಲಿಂದ, ಇದು ಮತ್ತೊಂದು ಜೈಲು, ಇಲ್ಲದಿದ್ದರೆ ತಾಯಿಯನ್ನು ಬಿಟ್ಟು ಹೋಗು ಎನ್ನುವ ಉಪಾಯ ಎಂದರು. ನಮ್ಮ ಕಡೆಯ ವಕೀಲರು, ಬೇರೆ ಊರಿನಲ್ಲಿ ಮನೆ ಮಾಡಲಿ, ಯಾರು ಬೇಡವೆಂದರು ಎಂದರು. ನ್ಯಾಯಾಧೀಶೆ ನನ್ನ ನಕ್ಷೆಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ಇದ್ದದ್ದು ಭಯವಲ್ಲ, ಹೆಮ್ಮೆ.

"ಈ ಚುಕ್ಕಿಗಳು ಏನು?" ಎಂದು ಕೇಳಿದರು.

ನಮ್ಮ ವಕೀಲರು ತಬ್ಬಿಬ್ಬಾದರು. ಅದು ದಾರಿಯಲ್ಲ, ಮುನಿಸಿಪಾಲಿಟಿಯ ಮ್ಯಾಪಿನಲ್ಲಿ ಇಲ್ಲ, ಬರೆದವರ ಕಲ್ಪನೆ ಎಂದರು. ಅವನ ವಕೀಲೆಗೂ ಗೊತ್ತಿರಲಿಲ್ಲ, ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಪಕ್ಕದ ಮನೆ ಯಾರದ್ದು? ಎಲ್ಲಾ ಬರೆದಿದ್ದಾರೆ, ಇದೊಂದು ಖಾಲಿ ಇದೆ. ಇದನ್ನು ಬರೆದವರು ಇಲ್ಲಿದ್ದಾರಾ?"

ನಾನು ಎದ್ದು ನಿಂತೆ. ನಮ್ಮ ಕೋರ್ಟಿನ ಅಭ್ಯಾಸ, ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದೆ. ಕಲ್ಪನೆ ಎಂಬ ಮಾತು ಚುಚ್ಚಿತ್ತು.

"ದಾರಿ ಇದೆ ಮೆವ್ರೌ," ಎಂದೆ. ಅಲ್ಲಿ ಹೆಂಗಸರಿಗೆ ಮೇಡಂ ಎನ್ನುವ ಬದಲು ಹಾಗೆನ್ನುತ್ತಾರೆ. "ನಾನೇ ದಿನಾ ಓಡಾಡ್ತೀನಿ. ಅಳೆದಿದ್ದೀನಿ. ಖಾಲಿ ಬಿಟ್ಟದ್ದು ನಮ್ಮ ಮನೆ."

"ಅಂದರೆ ದಾರಿ ನಿಮ್ಮ ಕಿಟಕಿ ಕೆಳಗೇ ಹೋಗುತ್ತೆ."

"ಹೌದು."

"ಮಕ್ಕಳಿದ್ದಾರಾ?"

"ಆರು ವರ್ಷದ ಮಗಳು."

"ಭಯ ಇದೆಯಾ?"

"ತುಂಬಾ," ಎಂದೆ. ಇನ್ನೇನಾದರೂ ಕೇಳುತ್ತಾರೆಂದು ನಿಂತಿದ್ದೆ. ದಾರಿ ಇಲ್ಲ ಎಂದಿದ್ದರೆ ಏನಾಗುತ್ತಿತ್ತು, ಇದೆ ಎಂದಿದ್ದರಿಂದ ಏನಾಗುತ್ತದೆ ಎಂಬುದು ಆಗ ನಿಧಾನವಾಗಿ ತಲೆಗೆ ಹೊಳೆಯತೊಡಗಿತು. ನ್ಯಾಯಾಧೀಶೆ ಬರೆದುಕೊಂಡು, ಕೂತುಕೊಳ್ಳಿ ಎಂದರು. ವಾಪಸು ರೈಲಿನಲ್ಲಿ ಗೆಳತಿ ನನ್ನ ಪಕ್ಕ ಕೂರಲಿಲ್ಲ.

ಎರಡು ವಾರಕ್ಕೆ ತೀರ್ಪು ಬಂತು. ಮೈದಾನ, ಶಾಲೆಯ ಬೀದಿ, ಮನೆ ಮುಂದಿನ ರಸ್ತೆ ಮೂರಕ್ಕೂ ಒಂದು ವರ್ಷ ಅವನು ಕಾಲಿಡುವಂತಿಲ್ಲ. ಮಕ್ಕಳ ಮತ್ತು ಪೋಷಕರ ಆತಂಕ ನಿಜವಾದದ್ದು. ಆದರೆ ತಾಯಿಯ ಮನೆಯಲ್ಲಿ ವಾಸಿಸುವ ಹಕ್ಕು ಅವನಿಗೆ ಇದೆ. ಹಿಂದೆ ಒಂದು ದಾರಿ ಇರುವುದರಿಂದ ಈ ನಿಷೇಧ ಅವನಿಗೆ ಮಿತಿಮೀರಿದ ಹೊರೆಯಲ್ಲ. ಎರಡೂ ಕಡೆಗೆ ಅರ್ಧರ್ಧ ಕೊಟ್ಟ ಆ ತೀರ್ಪು ನಿಂತದ್ದು ನನ್ನ ಹನ್ನೊಂದು ಸೀರೆಯ ಮೇಲೆ. ಅವನು ಊರು ಬಿಡುತ್ತಾನೆಂದು ಅವರೆಲ್ಲ ಕಾದಿದ್ದರು, ಅವನು ಬಿಡಲಿಲ್ಲ, ಅದಕ್ಕೆ ಕಾರಣ ನಾನು. ಅವನಿಗೆ ಮುಂಬಾಗಿಲು ಮುಚ್ಚಿತು, ಅದಕ್ಕೂ ಕಾರಣ ನಾನೇ. ಯಜಮಾನರು ತೀರ್ಪಿನ ಜೆರಾಕ್ಸ್ ಓದಿ ಮಡಿಸಿಟ್ಟರು. "ಬಾಯಿ ಮುಚ್ಕೊಂಡ್ ಬಾ ಅಂದಿದ್ರಲ್ಲ ನಿನ್ ಸೀನಿಯರ್ರು," ಎಂದರು, ಅಷ್ಟೇ. ನಾನು ಬಚ್ಚಲಿಗೆ ಹೋಗಿ ಅತ್ತೆ.

ಅದಾದ ಮೇಲೆ ಆ ಸವೆದ ದಾರಿಗೆ ಮುನಿಸಿಪಾಲಿಟಿಯವರು ಬಂದು ಸಿಮೆಂಟ್ ಚಪ್ಪಡಿ ಹಾಸಿದರು. ಕೋರ್ಟಿನ ಕಾಗದದಲ್ಲಿ ದಾರಿ ಎಂದ ಮೇಲೆ ಅದು ದಾರಿಯ ಹಾಗೇ ಇರಬೇಕಲ್ಲ. ಆ ದೇಶದ ಅಚ್ಚುಕಟ್ಟುತನಕ್ಕೆ ಕೈಮುಗಿಯಬೇಕು. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಮಕ್ಕಳೆಲ್ಲ ಶಾಲೆ ಸೇರಿದ ಮೇಲೆ, ಅವನು ಚೀಲ ಹಿಡಿದು ನನ್ನ ಕಿಟಕಿಯ ಕೆಳಗೆ ಹೋಗುತ್ತಿದ್ದ. ಒಂದು ದಿನವೂ ತಲೆ ಎತ್ತಲಿಲ್ಲ. ಮಗಳ ಮಂಚವನ್ನು ಮುಂದಿನ ಕೋಣೆಗೆ ಹಾಕಿದ್ದೆ. ದೋಸೆ ಹೊತ್ತಿದರೂ ಸರಿ, ಅವನು ಬಸ್ ಸ್ಟಾಪು ಮುಟ್ಟುವವರೆಗೆ ನಾನು ಕಿಟಕಿ ಬಿಡುತ್ತಿರಲಿಲ್ಲ. ಮೊದಮೊದಲು ಕಾವಲಿಗೆ ನಿಲ್ಲುತ್ತಿದ್ದೆ. ಬರಬರುತ್ತ ಅವನು ಏನು ತಂದ, ಅಜ್ಜಿಗೆ ಇವತ್ತು ಏನಡುಗೆ ಎಂದೂ ನೋಡುತ್ತಿದ್ದೆ. ಭಯ ಹೋಗಲಿಲ್ಲ, ಅದರ ಪಕ್ಕದಲ್ಲಿ ಇದೂ ಬಂದು ಕೂತಿತು.

ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಮಗಳಿಗೆ ಹೇಳಿದಾಗ, "ನಾನು ಗುಂಡಿ ಎತ್ತಿಡ್ಲೇ ಇಲ್ಲ, ಅಮ್ಮ," ಎಂದಳು. ಅವಳು ಇಂಗ್ಲಿಷೋ ಡಚ್ಚೋ ಆಡುವುದೇ ಹೆಚ್ಚು. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

ಮಣ್ಣು ಮಾಡುವ ದಿನ ಬೆಳಿಗ್ಗೆ ಶವದ ಕಪ್ಪು ಕಾರು ಮುಂದಿನ ರಸ್ತೆಗೆ ಬಂತು. ಅಜ್ಜಿ ನಲವತ್ತು ವರ್ಷ ಇದ್ದ ಬೀದಿ ಅಲ್ಲವೇ, ನೆರೆಯವರೆಲ್ಲ ಕಪ್ಪು ಕೋಟು ಹಾಕಿ ಸಾಲಾಗಿ ನಿಂತಿದ್ದರು, ಗೆಳತಿಯೂ ಇದ್ದಳು. ಪೆಟ್ಟಿಗೆ ಮುಂಬಾಗಿಲಿನಿಂದ ಹೊರಬಂತು. ಅವನು ಅದರ ಹಿಂದೆ ಹೊಸ್ತಿಲವರೆಗೆ ಬಂದು ನಿಂತ. ಒಂದು ವರ್ಷ ಮುಗಿಯಲು ಇನ್ನೂ ತಿಂಗಳುಗಳಿದ್ದವು. ಒಂದು ದಿನದ ಮಟ್ಟಿಗೆ ಬಿಡಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ, ಕೇಳದವನಿಗೆ ಬಾ ಎಂದು ಯಾರೂ ಹೇಳಲೂ ಇಲ್ಲ. ಕಾರು ಬಸ್ ಸ್ಟಾಪಿನ ಬಳಿ ನಿಂತು ಅವನನ್ನು ಹತ್ತಿಸಿಕೊಳ್ಳುವುದೆಂದು ಏರ್ಪಾಡಾಗಿತ್ತಂತೆ. ಪೆಟ್ಟಿಗೆ ಕಾರಿನೊಳಗೆ ಹೋಗುವವರೆಗೆ ನೋಡಿ, ಅವನು ಬಾಗಿಲು ಹಾಕಿಕೊಂಡ.

ನಾನು ರಸ್ತೆಯಿಂದ ನಮ್ಮ ಮನೆಯೊಳಗೆ ಓಡಿಬಂದೆ. ಅಡುಗೆಮನೆ ಕಿಟಕಿಯಲ್ಲಿ ಅವನು ಕಂಡ, ಕೈಯಲ್ಲಿ ಚೀಲವಿಲ್ಲ, ಮೈಮೇಲೆ ಅದೇ ಬೂದು ಜಾಕೆಟ್ಟು. ತಾಯಿಯ ಹೆಣ ಮುಂದಿನಿಂದ, ಮಗ ಹಿಂದಿನಿಂದ. ಸ್ಮಶಾನಕ್ಕೆ ಹೊರಟ ಮಗನ ಹಿಂದೆ ನಾಲ್ಕು ಜನವಾದರೂ ಇರಬೇಕು ಎನ್ನುವ ಕಡೆಯಿಂದ ಬಂದವಳು ನಾನು. ಅವನ ಹಿಂದೆ ಒಬ್ಬರೂ ಇರಲಿಲ್ಲ. ಆ ದಾರಿಯನ್ನು ಅಳೆದು ಕೊಟ್ಟವಳು ನಾನೇ.

ಅವನು ಮಾಡಿದ್ದನ್ನು ನಾನು ಮರೆತಿರಲಿಲ್ಲ. ಆ ಬೇರೆ ಊರಿನಲ್ಲಿ ಬೆಳೆಯುತ್ತಿದ್ದಿರಬಹುದಾದ ಆ ಹುಡುಗಿಯನ್ನೂ ಮರೆತಿರಲಿಲ್ಲ. ಆದರೂ ಹಿಂಬಾಗಿಲು ತೆಗೆದು, ಚಪ್ಪಲಿ ಮೆಟ್ಟಿಕೊಂಡು, ಚಪ್ಪಡಿಯ ಮೇಲೆ ಇಳಿದೆ. ಸದ್ದಿಗೆ ಅವನು ಒಮ್ಮೆ ತಿರುಗಿ ನೋಡಿ ಮತ್ತೆ ನಡೆದ. ಬಸ್ ಸ್ಟಾಪಿನವರೆಗೆ ಅವನ ಹಿಂದೆ ಹೋದೆ, ಒಂದು ಸೀರೆಯಷ್ಟು ದೂರ ಬಿಟ್ಟು.